ಪಟ್ಟಿಯಲ್ಲಿಲ್ಲದ ನುಡಿ

ತೇನಿ ಜಿಲ್ಲೆಯ ಉತ್ತಮಪಾಳಯಂ ತಾಲ್ಲೂಕಿನಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಕನ್ನಡ ಮನೆಮಾತಿನ ಹುಡುಗನಿಗೆ ಸರ್ಕಾರ ಒಂದು ಹೆಸರನ್ನು ದಯಪಾಲಿಸುತ್ತದೆ. ತಮಿಳುನಾಡಿನ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಒಕ್ಕಲಿಗರ್, ವಕ್ಕಲಿಗರ್, ಕಪ್ಪಿಲಿಯರ್, ಒಕ್ಕಲಿಯ ಗೌಡರ್ ಎಂಬ ಹೆಸರುಗಳೆಲ್ಲ ಒಂದೇ ನಮೂದಿನ ಕೆಳಗೆ ಸಾಲಾಗಿ ನಿಂತಿವೆ. ಅವುಗಳಲ್ಲೊಂದು ಅವನದು. ಆ ಕಾಗದದ ಬಲದಿಂದ ಅವನಿಗೆ ಕಾಲೇಜಿನ ಪ್ರವೇಶ ದೊರೆಯುತ್ತದೆ, ಸರ್ಕಾರಿ ನೌಕರಿಯ ಮೀಸಲಾತಿ ದೊರೆಯುತ್ತದೆ. ಆದರೆ ಅವನ ಅಜ್ಜಿ ಯಾವ ಮಾತಿನಲ್ಲಿ ಅವನಿಗೆ ಜೋಗುಳ ಹಾಡಿದಳೆಂಬುದಕ್ಕೆ ಆ ಕಾಗದದಲ್ಲಿ ಜಾಗವಿಲ್ಲ.

ನೇಕಾರರ ಕತೆಯೂ ಬೇರೆಯಲ್ಲ. ತಮಿಳುನಾಡಿನ ದೇವಾಂಗರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ತೆಲುಗು ಮನೆಮಾತಿನವರೂ ಇದ್ದಾರೆ. ಪಟ್ಟಿಯಲ್ಲಿ ಇಬ್ಬರೂ ‘ದೇವಾಂಗರ್, ಸೇಡರ್’ ಎಂಬ ಒಂದೇ ನಮೂದಿಗೆ ಸೇರುತ್ತಾರೆ. ಕಾನೂನು ಮಗ್ಗವನ್ನು ಗುರುತಿಸಿತು, ಮಾತನ್ನು ಗುರುತಿಸಲಿಲ್ಲ.

ಮೀಸಲಾತಿಯ ಪಟ್ಟಿ ಮಾಡಬೇಕಾದುದು ಅಷ್ಟೇ ಕೆಲಸ, ಅದರಲ್ಲಿ ದೋಷವೆಣಿಸುವಂತಿಲ್ಲ. ಪ್ರಶ್ನೆ ಇರುವುದು ಇನ್ನೊಂದು ಕಡೆ. ನುಡಿಯ ಕಾರಣದಿಂದ ಒಬ್ಬನಿಗೆ ಬಾಡಿಗೆ ಮನೆ ತಪ್ಪಿದರೆ, ಕೆಲಸ ತಪ್ಪಿದರೆ, ಅಂಗಡಿಯ ಮುಂದೆ ಅವಮಾನವಾದರೆ ಅವನು ಯಾವ ಕಾನೂನಿನ ಯಾವ ಕಲಮಿನಡಿಯಲ್ಲಿ ದೂರು ಕೊಡಬೇಕು? ಈ ಪ್ರಶ್ನೆಗೆ ತಮಿಳುನಾಡಿನಲ್ಲಿಯೂ ಉತ್ತರವಿಲ್ಲ, ಕರ್ನಾಟಕದಲ್ಲಿಯೂ ಉತ್ತರವಿಲ್ಲ. ತಾರತಮ್ಯ ನಿಷೇಧದ ಕಾನೂನುಗಳನ್ನು ಹೊಸದಾಗಿ ಬರೆಯಬೇಕೆಂಬ ಚರ್ಚೆ ದೇಶವಿದೇಶಗಳಲ್ಲಿ ನಡೆದಿರುವಾಗ, ಗಡಿಯಾಚೆಯ ಕನ್ನಡಿಗರು ಅದಕ್ಕೆ ಕಿವಿಗೊಡಬೇಕಾದ ಕಾರಣ ಇದೇ.

ಕಣಿವೆಯ ಕನ್ನಡ

ಕಂಬಂ ಕಣಿವೆಯಲ್ಲಿ ಕನ್ನಡ ಇಂದು ನಿನ್ನೆ ಬಂದುದಲ್ಲ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಮದುರೆ ಜಿಲ್ಲೆಯ ಗೆಜೆಟಿಯರ್ ಕಪ್ಪಿಲಿಯರು ಮತ್ತು ಅನುಪ್ಪರೆಂಬ ಕನ್ನಡ ನುಡಿಯ ಬೇಸಾಯಗಾರರನ್ನು ಹೆಸರಿಸಿ, ಅನುಪ್ಪರು ಈ ಕಣಿವೆಯಲ್ಲಿಯೇ ಹೆಚ್ಚಾಗಿದ್ದಾರೆಂದು ದಾಖಲಿಸಿತು. 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್ನನ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಕಪ್ಪಿಲಿಯರು ಮದುರೆ ಮತ್ತು ತಿರುನೆಲ್ವೇಲಿ ಜಿಲ್ಲೆಗಳಲ್ಲಿ ನೆಲೆಸಿದ ಕನ್ನಡ ಒಕ್ಕಲು ಮಕ್ಕಳೆಂದೇ ಬರುತ್ತಾರೆ. ಕಂಬಂ ಪಟ್ಟಣದ ನಂದಗೋಪಾಲಸ್ವಾಮಿಯ ಗುಡಿಗೆ ಸೇರಿದ ‘ತಂಬಿರಾನ್ ಮಾಡು’ ಎಂಬ ಹಸುಹಿಂಡಿಗೆ ಸಂಕ್ರಾಂತಿಯ ಕಾಲದಲ್ಲಿ ಇಂದಿಗೂ ಪೂಜೆ ಸಲ್ಲುತ್ತದೆ. 1895ರಲ್ಲಿ ಪೆರಿಯಾರಿನ ನೀರು ಘಟ್ಟವನ್ನು ಕೊರೆದು ಈಚೆಗೆ ಹರಿದ ಮೇಲೆ ಕಣಿವೆಯ ಗದ್ದೆಗಳು ಇಮ್ಮಡಿ ಬೆಳೆ ಕಂಡವು. ಆ ಬೆಳೆಯಲ್ಲಿ ಕನ್ನಡಿಗರ ಬೆವರೂ ಇದೆ.

ಆದರೆ ಈ ಕನ್ನಡ ಬಹುಮಟ್ಟಿಗೆ ಮನೆಯಂಗಳದಲ್ಲಿಯೇ ಉಳಿದ ಮಾತು. ಓದು, ಬರಹ, ಕೋರ್ಟು, ಕಚೇರಿ, ಸಂತೆ ಎಲ್ಲವೂ ತಮಿಳಿನಲ್ಲಿ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದವರು ಸುಮಾರು 12.8 ಲಕ್ಷ. ಅವರಲ್ಲಿ ತಾಳವಾಡಿ, ಹೊಸೂರು, ನೀಲಗಿರಿಗಳ ಕನ್ನಡಿಗರಿಗೆ ಗಡಿಯ ಆಸರೆಯಿದೆ. ತೇನಿ, ದಿಂಡಿಗಲ್ಲಿನವರಿಗೆ ಆ ಆಸರೆಯೂ ಇಲ್ಲ. ಅವರಿಗೂ ಕರ್ನಾಟಕಕ್ಕೂ ನಡುವೆ ಹಲವು ಜಿಲ್ಲೆಗಳಿವೆ.

ಪಟ್ಟಿ ಕಾಯ್ದದ್ದೂ ಉಂಟು, ಕೊಂದದ್ದೂ ಉಂಟು

ತಾರತಮ್ಯದ ವಿರುದ್ಧದ ಯಾವ ಕಾನೂನನ್ನು ಬಿಡಿಸಿ ನೋಡಿದರೂ ಒಳಗಿರುವುದು ಒಂದು ಪಟ್ಟಿ. ಯಾವ ಯಾವ ಕಾರಣಗಳಿಂದ ಒಬ್ಬನನ್ನು ಹೊರಗಿಡಕೂಡದೆಂದು ಆ ಪಟ್ಟಿ ಹೇಳುತ್ತದೆ. ಪಟ್ಟಿಯಲ್ಲಿ ಇರುವವನಿಗೆ ಪರಿಹಾರ; ಇಲ್ಲದವನಿಗೆ ಅನುಕಂಪ. ಈ ಮಾತನ್ನು ಕಂಬಂ ಕಣಿವೆಯ ಸುತ್ತಣ ನೆಲಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಏಕೆಂದರೆ ಇಲ್ಲಿಗೆ ಮೊದಲು ಬಂದ ಪಟ್ಟಿ ಕಾಯುವ ಪಟ್ಟಿಯಾಗಿರಲಿಲ್ಲ.

1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿಯಲ್ಲಿ ಬ್ರಿಟಿಷ್ ಸರ್ಕಾರ ಪಿರಮಲೈ ಕಳ್ಳರ್ ಸಮುದಾಯವನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಬೆರಳಚ್ಚು ಕೊಡಬೇಕು, ರಾತ್ರಿ ಠಾಣೆಯ ಕಣ್ಣಳತೆಯಲ್ಲಿ ಮಲಗಬೇಕು. ಈ ನೋಂದಣಿಯನ್ನು ಎದುರಿಸಿದ ಪೆರುಂಗಾಮನಲ್ಲೂರಿನ ಜನರ ಮೇಲೆ 1920ರ ಏಪ್ರಿಲ್ 3ರಂದು ಪೊಲೀಸರು ಗುಂಡು ಹಾರಿಸಿದರು. ಮದರಾಸು ಪ್ರಾಂತ್ಯದಲ್ಲಿ ಆ ಕಾಯಿದೆ ರದ್ದಾದುದು 1947ರಲ್ಲಿ. ಆ ಕಾಲದ ಕುರುಹಾಗಿ ‘ಕಳ್ಳರ್ ಪುನರುದ್ಧಾರ ಶಾಲೆ’ಗಳೆಂಬ ಹೆಸರು ಮದುರೆ, ತೇನಿ, ದಿಂಡಿಗಲ್ ಜಿಲ್ಲೆಗಳಲ್ಲಿ ತಲೆಮಾರುಗಳನ್ನು ದಾಟಿ ಬಂದಿತು.

ಕಾಯುವ ಪಟ್ಟಿಯೂ ಇದೇ ನೆಲಕ್ಕೆ ಬೇಗನೆ ಬಂತು. 1938ರಲ್ಲಿ ಮದರಾಸು ಶಾಸನಸಭೆ ನಾಗರಿಕ ಅನರ್ಹತೆಗಳ ನಿವಾರಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ ಹಿಂದೆ ಇದ್ದವರು ಎಂ. ಸಿ. ರಾಜಾ. ಸಾರ್ವಜನಿಕ ಬಾವಿ, ಹಾದಿ, ವಾಹನಗಳಿಂದ ಅಸ್ಪೃಶ್ಯರೆನಿಸಿದವರನ್ನು ದೂರವಿಡುವುದನ್ನು ಅಪರಾಧವೆಂದ ಆರಂಭಕಾಲದ ಕಾನೂನುಗಳಲ್ಲಿ ಅದೊಂದು. ಅಂದು ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಕಾಸರಗೋಡು, ಕೊಳ್ಳೇಗಾಲಗಳ ಕನ್ನಡಿಗರಿಗೂ, ಮದುರೆ ಜಿಲ್ಲೆಯ ಭಾಗವಾಗಿದ್ದ ಕಂಬಂ ಕನ್ನಡಿಗರಿಗೂ ಅದು ಒಂದೇ ಕಾನೂನು. ಮರುವರ್ಷ, 1939ರ ಜುಲೈ 8ರಂದು, ಎ. ವೈದ್ಯನಾಥ ಅಯ್ಯರ್ ಅವರ ಮುಂದಾಳುತನದಲ್ಲಿ ದಲಿತರು ಮದುರೆ ಮೀನಾಕ್ಷಿಯ ಗುಡಿಯೊಳಕ್ಕೆ ನಡೆದರು.

ಸ್ವತಂತ್ರ ಭಾರತದ ಸಂವಿಧಾನವನ್ನು ಮೊಟ್ಟಮೊದಲು ತಿದ್ದಿದುದಕ್ಕೂ ಮದರಾಸಿನ ಮೊಕದ್ದಮೆ ಒಂದು ಕಾರಣ. ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮದರಾಸಿನ ಜಾತಿವಾರು ಹಂಚಿಕೆಯನ್ನು ಹೊಡೆದುಹಾಕಿದ ಬಳಿಕ, 1951ರಲ್ಲಿಯೇ 15ನೆಯ ವಿಧಿಗೆ ನಾಲ್ಕನೆಯ ಉಪವಿಧಿ ಸೇರಿತು. ಸಮಾನತೆಯ ಕಾನೂನು ಕಲ್ಲಿನ ಮೇಲೆ ಕೊರೆದ ಶಾಸನವೆಂದು ಭಾವಿಸುವವರು ಇದನ್ನು ನೆನೆಯಬೇಕು. ಅದು ಹುಟ್ಟಿದ ಮರುವರ್ಷವೇ ಬದಲಾಯಿತು.

ಸಂವಿಧಾನದಲ್ಲಿ ನುಡಿಯ ಸ್ಥಾನ

ಸಂವಿಧಾನದ 15ನೆಯ ವಿಧಿ ಧರ್ಮ, ಮೂಲವಂಶ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಂಬ ಐದು ಕಾರಣಗಳನ್ನು ಹೆಸರಿಸುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳ ಮಾತು ಬರುವುದೂ ಈ ವಿಧಿಯಲ್ಲಿಯೇ. ಸರ್ಕಾರಿ ನೌಕರಿಯನ್ನು ಕುರಿತ 16ನೆಯ ವಿಧಿ ಈ ಐದರ ಜೊತೆಗೆ ವಂಶ ಮತ್ತು ವಾಸಸ್ಥಳವನ್ನು ಸೇರಿಸುತ್ತದೆ. ಎರಡರಲ್ಲಿಯೂ ನುಡಿ ಇಲ್ಲ. ನುಡಿ ಕಾಣಿಸಿಕೊಳ್ಳುವುದು 29ನೆಯ ವಿಧಿಯಲ್ಲಿ: ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಯ ಪ್ರವೇಶವನ್ನು ಧರ್ಮ, ಮೂಲವಂಶ, ಜಾತಿ, ನುಡಿಗಳ ಕಾರಣದಿಂದ ಮಾತ್ರವೇ ನಿರಾಕರಿಸಕೂಡದು. 30ನೆಯ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟಿತು. ಅಲ್ಪಸಂಖ್ಯಾತರಾರೆಂಬುದನ್ನು ರಾಜ್ಯವನ್ನು ಅಳತೆಗೋಲಾಗಿ ಹಿಡಿದು ನಿರ್ಣಯಿಸಬೇಕೆಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿತು.

ಎಂದರೆ ನುಡಿಗೆ ರಕ್ಷಣೆಯಿರುವುದು ಶಾಲೆಯ ಬಾಗಿಲವರೆಗೆ. ಬಾಡಿಗೆ ಮನೆಯ ಹೊಸ್ತಿಲು, ಗಿರಣಿಯ ಗೇಟು, ಅಂಗಡಿಯ ಕಟ್ಟೆ ಇವುಗಳ ಬಳಿಗೆ ಬಂದಾಗ ಸಂವಿಧಾನ ನುಡಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ.

ಭಾಷಾವಾರು ಪ್ರಾಂತ್ಯಗಳಾದ 1956ರಲ್ಲಿ ಈ ಕೊರತೆ ಕಾಣದೆ ಹೋಗಲಿಲ್ಲ. ಏಳನೆಯ ತಿದ್ದುಪಡಿ ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ 350ಎ ವಿಧಿಯನ್ನೂ, ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ 350ಬಿ ವಿಧಿಯನ್ನೂ ತಂದಿತು. ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ನುಡಿಯ ಅಧ್ಯಾಪಕರನ್ನು ಒದಗಿಸಬೇಕೆಂಬ ಸೂತ್ರ ಅದಕ್ಕೂ ಹಿಂದಿನದು. ಆದರೆ ವಿಶೇಷಾಧಿಕಾರಿ ವರದಿ ಬರೆಯಬಲ್ಲನೇ ಹೊರತು ಆಜ್ಞೆ ಮಾಡಲಾರ. ಸೂತ್ರಗಳು ಸರ್ಕಾರಗಳ ಒಪ್ಪಂದಗಳೇ ಹೊರತು ಪ್ರಜೆ ಕೈಗೆತ್ತಿಕೊಂಡು ನ್ಯಾಯಾಲಯಕ್ಕೆ ನಡೆಯಬಹುದಾದ ಕಾನೂನಲ್ಲ. ಹೀಗಿದ್ದೂ 350ನೆಯ ವಿಧಿಯೊಂದನ್ನು ಗಡಿಯಾಚೆಯ ಕನ್ನಡಿಗರು ಮರೆಯಬಾರದು. ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ನುಡಿಯಲ್ಲಿ ಯಾವ ಅಧಿಕಾರಿಗಾದರೂ ಕುಂದುಕೊರತೆಯ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಉತ್ತಮಪಾಳಯದ ತಹಸೀಲ್ದಾರರಿಗೆ ಕನ್ನಡದಲ್ಲಿ ಬರೆದ ಮನವಿಯೂ ಕಾನೂನಿನ ಕಣ್ಣಿಗೆ ಮನವಿಯೇ.

ಬೆಳೆಯುವ ಪಟ್ಟಿಗಳು

ಪಟ್ಟಿಗೆ ಹೊಸ ಹೆಸರು ಸೇರಿಸುವುದು ಅಸಾಧ್ಯವೆಂಬ ವಾದ ಕಳೆದ ಮೂವತ್ತು ವರ್ಷಗಳ ಶಾಸನಗಳ ಮುಂದೆ ನಿಲ್ಲುವುದಿಲ್ಲ. 1995ರ ಅಂಗವಿಕಲರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು. 2016ರ ಕಾಯಿದೆ ಇಪ್ಪತ್ತೊಂದನ್ನು ಹೆಸರಿಸಿತು. ಎಚ್‌ಐವಿ ಸೋಂಕಿತರಿಗೆ ಕೆಲಸ, ಚಿಕಿತ್ಸೆ, ಬಾಡಿಗೆ ಮನೆಗಳನ್ನು ನಿರಾಕರಿಸುವುದನ್ನು 2017ರ ಕಾಯಿದೆ ನಿಷೇಧಿಸಿತು. ಅದು ಖಾಸಗಿಯವರನ್ನೂ ಬಿಡಲಿಲ್ಲ. 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಕಾಯಿದೆ ಬಂತು. ದಲಿತರ ಮೇಲಿನ ದೌರ್ಜನ್ಯ ತಡೆಯ 1989ರ ಕಾಯಿದೆಗೆ ಅನೇಕ ಹೊಸ ಅಪರಾಧಗಳನ್ನು ಸೇರಿಸಿದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು.

ಪಟ್ಟಿಯೊಳಗೇ ಒಳಪಟ್ಟಿ ಮಾಡಬೇಕಾದ ಅಗತ್ಯವನ್ನೂ ಈ ಜಿಲ್ಲೆಗಳು ಬಲ್ಲವು. ಪಶ್ಚಿಮ ಮತ್ತು ದಕ್ಷಿಣ ತಮಿಳುನಾಡಿನ ಅರುಂಧತಿಯರಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ಕನ್ನಡವಾಡುವವರೂ ಉಂಟು. ಚಕ್ಕಿಲಿಯರ್, ಮಾದಾರಿ, ಮಾದಿಗ, ಪಗಡೈ, ತೋಟಿ, ಆದಿ ಆಂಧ್ರ ಎಂಬ ಹೆಸರುಗಳೂ ಅವರ ಗುಂಪಿಗೇ ಸೇರುತ್ತವೆ. ಪರಿಶಿಷ್ಟ ಜಾತಿಗಳ ಶೇ. 18 ಮೀಸಲಾತಿಯಲ್ಲಿ ಅವರ ಪಾಲು ಅವರನ್ನು ತಲುಪುತ್ತಿಲ್ಲವೆಂದು ಕಂಡು, ನ್ಯಾಯಮೂರ್ತಿ ಎಂ. ಎಸ್. ಜನಾರ್ಧನಂ ಸಮಿತಿಯ ಶಿಫಾರಸಿನಂತೆ 2009ರಲ್ಲಿ ತಮಿಳುನಾಡು ಅವರಿಗೆ ಶೇ. 3 ಒಳಮೀಸಲಾತಿ ಕೊಟ್ಟಿತು. 2024ರ ಆಗಸ್ಟ್ 1ರಂದು ದವಿಂದರ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆರು–ಒಂದರ ಬಹುಮತದಿಂದ ಒಳವರ್ಗೀಕರಣ ಸಿಂಧುವೆಂದಿತು. ಮರುವರ್ಷ ಕರ್ನಾಟಕದ ಸಚಿವ ಸಂಪುಟ ತನ್ನ ಶೇ. 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಕರ್ನಾಟಕದ ಮಾದಿಗರು ದಶಕಗಳ ಕಾಲ ಬೀದಿಯಲ್ಲಿ ಕೂಗಿ ಕೇಳಿದುದನ್ನು ತಮಿಳುನಾಡಿನ ಅವರ ಬಂಧುಗಳು ಹದಿನಾರು ವರ್ಷ ಮೊದಲೇ ಪಡೆದಿದ್ದರು.

ಆದರೆ ಇವೆಲ್ಲ ಬಿಡಿ ಬಿಡಿ ಕಾನೂನುಗಳು. ಒಂದೊಂದಕ್ಕೆ ಒಂದೊಂದು ಪಟ್ಟಿ, ಒಂದೊಂದು ಕಚೇರಿ. ಕೂಲಿಯಲ್ಲಿಯೂ ನೇಮಕದಲ್ಲಿಯೂ ತಾರತಮ್ಯ ಕೂಡದೆನ್ನುವ 2019ರ ವೇತನ ಸಂಹಿತೆ ಲಿಂಗವೊಂದನ್ನೇ ಹೆಸರಿಸುತ್ತದೆ. ಖಾಸಗಿ ಗಿರಣಿಯವನು ಜಾತಿ ಕೇಳಿ, ಊರು ಕೇಳಿ, ನುಡಿ ಕೇಳಿ ಕೆಲಸ ನಿರಾಕರಿಸಿದರೆ ಅದು ಮೌನ. ಮನೆಯ ವಿಷಯವೂ ಅಷ್ಟೇ. 2005ರ ಜೊರಾಸ್ಟ್ರಿಯನ್ ಸಹಕಾರಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸಿದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಇವೆಲ್ಲವನ್ನೂ ಒಂದೇ ಸೂರಿನಡಿ ತರುವ ತಾರತಮ್ಯ ನಿಷೇಧ ಮತ್ತು ಸಮಾನತೆಯ ಮಸೂದೆಯೊಂದನ್ನು ಶಶಿ ತರೂರ್ 2017ರಲ್ಲಿ ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆಯಾಗಿ ಮಂಡಿಸಿದ್ದರು. ಅದರ ಪಟ್ಟಿಯಲ್ಲಿ ಜಾತಿ, ಲಿಂಗ, ಅಂಗವೈಕಲ್ಯಗಳ ಜೊತೆಗೆ ಭಾಷಿಕ ಗುರುತೂ ಇತ್ತು. ಅದು ಕಾನೂನಾಗಲಿಲ್ಲ.

ದಿಂಡಿಗಲ್ಲಿನ ಪಾಠ

ಬಿಡಿ ಪಟ್ಟಿಗಳು ಮನುಷ್ಯರನ್ನು ಹೇಗೆ ಕೈಬಿಡುತ್ತವೆಂಬುದನ್ನು ದಿಂಡಿಗಲ್ ಜಿಲ್ಲೆ 2021ರ ಜನವರಿಯಲ್ಲಿ ಕಂಡಿತು. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಇಪ್ಪತ್ತರ ಹರೆಯದ ದಲಿತ ಯುವತಿಯೊಬ್ಬಳು ಕೊಲೆಯಾದಳು. ಅದೇ ಕಾರ್ಖಾನೆಯ ಮೇಲ್ವಿಚಾರಕನ ಮೇಲೆ ಆರೋಪ ಬಂತು. ಅವಳು ಹೆಣ್ಣಾಗಿದ್ದಳು, ದಲಿತಳಾಗಿದ್ದಳು, ಕೂಲಿಯವಳಾಗಿದ್ದಳು. ಹೆಣ್ಣೆಂಬುದಕ್ಕೆ 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆ ಒಂದು ಕಡೆ, ದಲಿತಳೆಂಬುದಕ್ಕೆ ದೌರ್ಜನ್ಯ ತಡೆ ಕಾಯಿದೆ ಇನ್ನೊಂದು ಕಡೆ, ಕೂಲಿಗೆ ಕಾರ್ಮಿಕ ಕಾನೂನು ಮತ್ತೊಂದು ಕಡೆ. ಬದುಕಿನಲ್ಲಿ ಈ ಮೂರೂ ಒಂದೇ ದೇಹದ ಮೇಲೆ ಒಟ್ಟಿಗೆ ಬಂದು ಎರಗುತ್ತವೆ. ಅದೇ 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಪಠಾಣ್ ಜಮಾಲ್ ವಲಿ ಪ್ರಕರಣದಲ್ಲಿ, ಅಂಧಳೂ ಪರಿಶಿಷ್ಟ ಜಾತಿಯವಳೂ ಆದ ಹೆಣ್ಣಿನ ಮೇಲಿನ ಅತ್ಯಾಚಾರವನ್ನು ವಿಚಾರಿಸುವಾಗ, ಈ ಹೆಣೆದುಕೊಂಡ ನೋವನ್ನು ಎಳೆಎಳೆಯಾಗಿ ಬಿಡಿಸಿ ನೋಡಿದರೆ ಸತ್ಯ ಕೈತಪ್ಪುತ್ತದೆಂಬುದನ್ನು ಗುರುತಿಸಿತು.

ದಿಂಡಿಗಲ್ಲಿನ ಹೆಣ್ಣುಮಕ್ಕಳು ತೀರ್ಪಿಗಾಗಿ ಕಾದು ಕೂರಲಿಲ್ಲ. ದಲಿತ ಮಹಿಳೆಯರ ಮುಂದಾಳುತನದ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘ ಹೋರಾಟಕ್ಕಿಳಿಯಿತು. ಏಷ್ಯಾ ಮತ್ತು ಅಮೆರಿಕದ ಕಾರ್ಮಿಕ ಸಂಘಟನೆಗಳು ಜೊತೆಗೂಡಿದವು. 2022ರ ಏಪ್ರಿಲ್‌ನಲ್ಲಿ ಉತ್ಪಾದಕ ಸಂಸ್ಥೆಯೂ, ಅದರಿಂದ ಬಟ್ಟೆ ಕೊಳ್ಳುತ್ತಿದ್ದ ಎಚ್ ಆ್ಯಂಡ್ ಎಂ ಕಂಪನಿಯೂ ಸಂಘದೊಡನೆ ಒಪ್ಪಂದಕ್ಕೆ ಬಂದವು. ಗ್ಯಾಪ್ ಮತ್ತು ಪಿವಿಎಚ್ ಕಂಪನಿಗಳು ಬಳಿಕ ಸೇರಿದವು. ಜಗತ್ತು ಅದನ್ನು ‘ದಿಂಡಿಗಲ್ ಒಪ್ಪಂದ’ವೆಂದು ಕರೆಯುತ್ತದೆ. ಲಿಂಗದ ಹೆಸರಿನ ಕಿರುಕುಳದ ಜೊತೆಗೆ ಜಾತಿ ಮತ್ತು ವಲಸೆಯ ಕಾರಣದ ತಾರತಮ್ಯವನ್ನೂ ಅದು ನಿಷೇಧಿಸಿತು. ಕೆಲಸದ ಸಾಲುಗಳಲ್ಲಿಯೇ ತರಬೇತಿ ಪಡೆದ ಮಹಿಳಾ ಕಾರ್ಮಿಕರು ಕಾವಲಿಗೆ ನಿಂತರು. ದೂರು ಕೊಟ್ಟವಳ ಮೇಲೆ ಸೇಡು ತೀರಿಸಿಕೊಳ್ಳಕೂಡದೆಂದು ಷರತ್ತಾಯಿತು. ಉತ್ಪಾದಕ ತಪ್ಪಿ ನಡೆದರೆ ಕೊಳ್ಳುವವರು ವ್ಯವಹಾರವನ್ನು ತಗ್ಗಿಸಬೇಕೆಂಬ ಕಟ್ಟುಪಾಡಾಯಿತು.

ಈ ಒಪ್ಪಂದದಲ್ಲಿ ಶಾಸನಕರ್ತರು ಕಲಿಯಬೇಕಾದುದು ಎರಡು ಸಂಗತಿ. ಪಟ್ಟಿಯನ್ನು ನೊಂದವರೇ ಬರೆದರು. ಅದರಿಂದಾಗಿ ‘ವಲಸೆ’ ಎಂಬ ಪದ ಅದರೊಳಕ್ಕೆ ಬಂತು. ದೂರಿನ ದಾರಿ ಹತ್ತಿರದಲ್ಲಿತ್ತು. ಅದರಿಂದಾಗಿ ದೂರುಗಳು ಬಂದವು.

ಘಟ್ಟದ ಆಚೆ, ಗಡಿಯ ಈಚೆ

ನುಡಿಯ ಕಾರಣದ ತಾರತಮ್ಯ ಒಂದು ಊರಿನ, ಒಂದು ನುಡಿಯ ಸಂಕಟವಲ್ಲ. ಬೋಡಿ, ಕಂಬಂ, ಗೂಡಲೂರುಗಳಿಂದ ಬೆಳಗಿನ ಜಾವದಲ್ಲಿಯೇ ಜೀಪು ಹತ್ತಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುವವರು ಸಾವಿರಾರು ಮಂದಿ. 2011ರ ಡಿಸೆಂಬರಿನಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟೆಯ ವಿವಾದ ಭುಗಿಲೆದ್ದಾಗ ಕುಮಿಳಿಯ ಗಡಿ ಮುಚ್ಚಿತು. ತೋಟಗಳಲ್ಲಿದ್ದ ತಮಿಳರು ಭಯಪಟ್ಟು ಮೂಟೆ ಕಟ್ಟಿ ಘಟ್ಟವಿಳಿದರು. ಅಂಥ ಹೊತ್ತಿನಲ್ಲಿ ಕಂಬಂನಿಂದ ಹೋದವನ ಮನೆಮಾತು ಕನ್ನಡವೋ ತೆಲುಗೋ ಎಂದು ಯಾರೂ ವಿಚಾರಿಸುವುದಿಲ್ಲ. ಘಟ್ಟ ಹತ್ತಿದ ಮೇಲೆ ಅವನು ತಮಿಳನೇ. 1991ರಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳರು ಅನುಭವಿಸಿದುದನ್ನು ಕನ್ನಡಿಗರು ಮರೆತರೂ ಚರಿತ್ರೆ ಮರೆಯದು.

ಕಂಬಂ ಕನ್ನಡಿಗ ಉತ್ತರಕ್ಕೆ ಹೋದರೆ ಏನಾದೀತು? 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಒಪ್ಪಿಗೆಯಿತ್ತು, ಎರಡೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಅದರ ಪ್ರಕಾರ ಸ್ಥಳೀಯನೆನಿಸಲು ಕರ್ನಾಟಕದಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ನೆಲೆಸಿರಬೇಕು, ಕನ್ನಡವನ್ನು ಆಡುವುದಲ್ಲದೆ ಓದಿ ಬರೆಯಲೂ ಬಲ್ಲವನಾಗಿರಬೇಕು. ಕಂಬಂನಲ್ಲಿ ಹುಟ್ಟಿ ತಮಿಳಿನಲ್ಲಿ ಓದಿ ಮನೆಯಲ್ಲಿ ಕನ್ನಡವಾಡುವವನಿಗೆ ಈ ಮೂರರಲ್ಲಿ ಯಾವುದೂ ಪೂರ್ತಿಯಾಗಿ ದಕ್ಕದು. ಹರಿಯಾಣದ ಇಂಥದೇ ಕಾಯಿದೆಯನ್ನು ಅಲ್ಲಿಯ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದುಪಡಿಸಿತ್ತು. ತಮಿಳುನಾಡಿನಲ್ಲಿ ನುಡಿಯ ಅಲ್ಪಸಂಖ್ಯಾತ, ಕೇರಳದಲ್ಲಿ ಪರರಾಜ್ಯದವ, ಕರ್ನಾಟಕದಲ್ಲಿ ಹೊರಗಿನವ: ಮೂರು ರಾಜ್ಯಗಳಲ್ಲಿ ಮೂರು ಹೆಸರು, ಒಂದರಲ್ಲಿಯೂ ಕಾನೂನಿನ ಕೈಹಿಡಿತವಿಲ್ಲ.

ನೇರವಾದ ನಿರಾಕರಣೆಯೊಂದೇ ತಾರತಮ್ಯವಲ್ಲ. ಎಲ್ಲರಿಗೂ ಒಂದೇ ಎಂದು ತೋರುವ ನಿಯಮ ಕೆಲವರಿಗೆ ಮಾತ್ರ ಭಾರವಾದರೆ ಅದೂ ತಾರತಮ್ಯವೇ ಎಂದು 2021ರಲ್ಲಿ ಸೇನೆಯ ಮಹಿಳಾ ಅಧಿಕಾರಿಗಳ ನಿತೀಶಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ತಮಿಳುನಾಡು ಸರ್ಕಾರಿ ನೌಕರಿಯ ಪರೀಕ್ಷೆಗಳಲ್ಲಿ ಶೇ. 40 ಅಂಕಗಳ ತಮಿಳು ಅರ್ಹತಾ ಪತ್ರಿಕೆಯನ್ನು ಕಡ್ಡಾಯಗೊಳಿಸಿತು. ತಮಿಳಿನಲ್ಲಿಯೇ ಓದಿದ ಕಂಬಂ ಕನ್ನಡಿಗನಿಗೆ ಅದರಿಂದ ತೊಡಕಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ತಾಳವಾಡಿಯವನಿಗೆ ಅದೇ ಬೆಟ್ಟ. ರಾಜ್ಯಭಾಷೆಯನ್ನು ನೇಮಕಕ್ಕೆ ಮುಂಚೆಯೇ ಕೇಳದೆ, ನೇಮಕವಾದ ಬಳಿಕ ಪರೀಕ್ಷಾರ್ಥ ಅವಧಿಯೊಳಗೆ ಕಲಿಯಲು ಬಿಡಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡಿದ್ದ ಹಳೆಯ ರಕ್ಷಣೆಗಳಲ್ಲೊಂದು. 2006ರ ತಮಿಳು ಕಲಿಕೆಯ ಕಾಯಿದೆಯಿಂದಲೂ ಇಂಥದೇ ಬಿಕ್ಕಟ್ಟು ಹುಟ್ಟಿ, ಹತ್ತನೆಯ ತರಗತಿಯ ಮಕ್ಕಳ ವಿನಾಯಿತಿಗಾಗಿ ಭಾಷಾ ಅಲ್ಪಸಂಖ್ಯಾತರು 2023ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಹೊಸ ಕಾನೂನು ಹೇಗಿರಬೇಕು

ಬಾಡಿಗೆದಾರ–ಮಾಲೀಕರ ಸಂಬಂಧ ರಾಜ್ಯಪಟ್ಟಿಯ ವಿಷಯ. ಕಾರ್ಮಿಕ ಕಲ್ಯಾಣ, ಶಿಕ್ಷಣಗಳು ಸಮವರ್ತಿ ಪಟ್ಟಿಯಲ್ಲಿವೆ. ಆದುದರಿಂದ ತಮಿಳುನಾಡಾಗಲಿ ಕರ್ನಾಟಕವಾಗಲಿ ಕೇರಳವಾಗಲಿ ದೆಹಲಿಗಾಗಿ ಕಾಯದೆ ತನ್ನದೇ ಸಮಾನತೆಯ ಕಾಯಿದೆಯನ್ನು ಬರೆಯಲು ತಡೆಯಿಲ್ಲ. ತಮಿಳುನಾಡಿನಲ್ಲಿ ಅದಕ್ಕೆ ನೆಲ ಹದವಾಗಿಯೂ ಇದೆ. 2023ರ ಆಗಸ್ಟಿನಲ್ಲಿ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನನ್ನೂ ಅವನ ತಂಗಿಯನ್ನೂ ಸಹಪಾಠಿಗಳೇ ಕಡಿದ ಬಳಿಕ ನೇಮಕವಾದ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿ 2024ರ ಜೂನಿನಲ್ಲಿ ವರದಿ ಕೊಟ್ಟಿತು. ಕಳ್ಳರ್ ಪುನರುದ್ಧಾರ ಶಾಲೆಯಂಥ ಹೆಸರುಗಳಿಂದ ಜಾತಿಯನ್ನು ಅಳಿಸಬೇಕು, ಶಿಕ್ಷಣ ಸಂಸ್ಥೆಗಳಿಗೆ ವಿಶೇಷ ಕಾನೂನು ಬೇಕು ಎಂದಿತು. 2025ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಸರ್ಕಾರಿ ದಾಖಲೆಗಳಿಂದ ‘ಕಾಲೊನಿ’ ಎಂಬ ಪದವನ್ನು ತೆಗೆಯುವುದಾಗಿ ವಿಧಾನಸಭೆಯಲ್ಲಿ ಘೋಷಿಸಿದರು. ಹೆಸರು ಅಳಿಸಿದ ಸರ್ಕಾರ ಇನ್ನು ಹಕ್ಕು ಬರೆಯಬೇಕು.

ಆ ಕಾನೂನಿನಲ್ಲಿ ಕಾರಣಗಳ ಪಟ್ಟಿ ವಿಶಾಲವಾಗಿರಬೇಕು. ಜಾತಿ, ಧರ್ಮ, ಲಿಂಗ, ಅಂಗವೈಕಲ್ಯಗಳ ಜೊತೆಗೆ ನುಡಿಯೂ ವಲಸೆಯೂ ಇರಬೇಕು. 1996ರ ದಕ್ಷಿಣ ಆಫ್ರಿಕದ ಸಂವಿಧಾನ ತನ್ನ ಒಂಬತ್ತನೆಯ ಕಲಮಿನಲ್ಲಿ ನುಡಿಯನ್ನು ಸ್ಪಷ್ಟವಾಗಿ ಹೆಸರಿಸಿದೆ, ಖಾಸಗಿ ವ್ಯಕ್ತಿಗಳನ್ನೂ ಆ ಕಟ್ಟಿಗೆ ಒಳಪಡಿಸಿದೆ. ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ತನ್ನ ಪಟ್ಟಿಗೆ ಜಾತಿಯನ್ನು ಸೇರಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಶಾಸಕಾಂಗ ಒಪ್ಪಿದ ಅಂಥದೇ ಮಸೂದೆಗೆ ಅಲ್ಲಿಯ ಗವರ್ನರ್ ಸಹಿ ಹಾಕಲಿಲ್ಲ. ಜಾತಿ ಸಾಗರ ದಾಟಿ ಅಲ್ಲಿಯ ಪಟ್ಟಿಗೆ ಬರಬಹುದಾದರೆ ನುಡಿ ಇಲ್ಲಿಯ ಪಟ್ಟಿಗೆ ಬರಬಾರದೇಕೆ? ಎರಡನೆಯದಾಗಿ, ಕಾನೂನು ಖಾಸಗಿ ಕೆಲಸ, ಬಾಡಿಗೆ ಮನೆ, ಅಂಗಡಿ, ಆಸ್ಪತ್ರೆ, ಶಾಲೆಗಳನ್ನು ಮುಟ್ಟಬೇಕು. ಮೂರನೆಯದಾಗಿ, ದೂರು ಕೇಳುವ ಪ್ರಾಧಿಕಾರ ಜಿಲ್ಲೆಯಲ್ಲಿಯೇ ಇರಬೇಕು; ಪೊಲೀಸು, ಜೈಲುಗಳ ಮಾತಿಗೆ ಮೊದಲು ನಷ್ಟ ಪರಿಹಾರ, ಕ್ಷಮೆಯಾಚನೆ, ಕೆಲಸಕ್ಕೆ ಮರಳಿಸುವ ಆಜ್ಞೆಗಳನ್ನು ನೀಡಬಲ್ಲ ಅಧಿಕಾರ ಅದಕ್ಕಿರಬೇಕು.

ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕಾಗುತ್ತದೆ. ಪಟ್ಟಿ ಉದ್ದವಾದರೆ ಜಾತಿಯ ಪ್ರಶ್ನೆ ತೆಳುವಾಗುತ್ತದೆಂದು ದಲಿತ ಚಿಂತಕರು ಅಂಜುವುದರಲ್ಲಿ ಅರ್ಥವಿದೆ. ಬಾಡಿಗೆ ಮನೆ ಸಿಗದ ಒಕ್ಕಲಿಗನ ಅಳಲನ್ನು ಊರ ಬಾವಿಗೆ ಬಿಡದ ದಲಿತನ ಯಾತನೆಯ ಪಕ್ಕದಲ್ಲಿಟ್ಟು ತೂಗಲಾಗದು. ಆದುದರಿಂದ ದೌರ್ಜನ್ಯ ತಡೆ ಕಾಯಿದೆಯ ಒಂದು ಅಕ್ಷರವೂ ಸಡಿಲವಾಗದಂತೆ ಹೊಸ ಕಾನೂನು ಅದರ ಪಕ್ಕದಲ್ಲಿ ನಿಲ್ಲಬೇಕು. ಇನ್ನೊಂದು, ನುಡಿಯ ಹೆಸರಿನ ರಕ್ಷಣೆ ರಾಜ್ಯಭಾಷೆಯನ್ನು ದುರ್ಬಲಗೊಳಿಸುತ್ತದೆಂಬ ಅಂಜಿಕೆ. ತಮಿಳನ್ನು ಕಲಿಸುವುದು ಬೇರೆ, ತಮಿಳನಲ್ಲವೆಂದು ಮನೆ ಕೊಡದಿರುವುದು ಬೇರೆ. ಕರ್ನಾಟಕದಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಕೇಳುವ ಕನ್ನಡಿಗ ಈ ಎರಡರ ನಡುವಿನ ಗೆರೆಯನ್ನು ಬಲ್ಲ. ಬಲ್ಲನಾದರೆ ಬೆಂಗಳೂರಿನ ತಮಿಳನಿಗೂ ಆ ಗೆರೆ ಅನ್ವಯಿಸುತ್ತದೆಂದು ಒಪ್ಪಬೇಕು.

ತನ್ನ ಹೊಸ್ತಿಲ ಪ್ರಶ್ನೆ

ಕಂಬಂ ಕಣಿವೆಯ ಕನ್ನಡಿಗ ಎರಡು ದಡಗಳ ಮೇಲೂ ನಿಂತಿದ್ದಾನೆ. ನುಡಿಯಲ್ಲಿ ಅವನು ಅಲ್ಪಸಂಖ್ಯಾತ. ಭೂಮಿಯಲ್ಲಿಯೂ ಜಾತಿಯಲ್ಲಿಯೂ ಅನೇಕ ಊರುಗಳಲ್ಲಿ ಪ್ರಬಲ. ಅವನಿಗೆ ತೋಟವುಂಟು, ಬಾಡಿಗೆ ಕೊಡುವ ಮನೆಯುಂಟು. ನುಡಿಯ ಕಾರಣದಿಂದ ತನ್ನನ್ನು ಹೊರಗಿಡಕೂಡದೆಂದು ಕೇಳುವವನು, ಅದೇ ಸಂಜೆ ಬಾಡಿಗೆಗೆ ಬಂದವನ ಜಾತಿಯನ್ನು ಸುತ್ತಿಬಳಸಿ ವಿಚಾರಿಸಿದರೆ, ಆ ಬೇಡಿಕೆಗೆ ತೂಕವಿರುವುದಿಲ್ಲ. ವಿಚಾರಿಸಿದ ನಾಲಿಗೆ ಕನ್ನಡದ್ದೋ ತಮಿಳಿನದೋ ಎಂಬುದು ಹೊರಗೆ ನಿಂತವನಿಗೆ ಮುಖ್ಯವಲ್ಲ.

ಭಾಷಾ ಅಲ್ಪಸಂಖ್ಯಾತರು ತಮಗಾಗಿ ಒಂದು ಪ್ರತ್ಯೇಕ ರಿಯಾಯಿತಿ ಕೇಳುವ ಕಾಲ ಮುಗಿಯಿತು. ಅಂಥ ರಿಯಾಯಿತಿಗಳು ಎಪ್ಪತ್ತು ವರ್ಷಗಳಿಂದ ವರದಿಗಳಲ್ಲಿಯೇ ಉಳಿದಿವೆ. ದಿಂಡಿಗಲ್ಲಿನ ಗಿರಣಿಯ ಹೆಣ್ಣುಮಕ್ಕಳು, ಅರುಂಧತಿಯರು, ಇಡುಕ್ಕಿಯ ತೋಟಕ್ಕೆ ಹೋಗುವ ಕೂಲಿಯವರು ಇವರೆಲ್ಲರ ಜೊತೆ ನಿಂತು ಒಂದೇ ಕಾನೂನು ಕೇಳಿದರೆ ಅದು ಕಿವಿಗೆ ಬೀಳುತ್ತದೆ. 350ನೆಯ ವಿಧಿಯ ಹಕ್ಕನ್ನು ಬಳಸಿ ಕನ್ನಡದಲ್ಲಿ ಬರೆದ ಮನವಿಯೊಂದು ತೇನಿಯ ಜಿಲ್ಲಾಧಿಕಾರಿಗಳ ಮೇಜನ್ನು ಸೇರಲಿ. ಅದರ ಮೊದಲ ಬೇಡಿಕೆ ದಲಿತನಿಗೆ ಬಾಡಿಗೆ ಮನೆಯ ಹಕ್ಕಾಗಿರಲಿ, ಎರಡನೆಯದು ಕೂಲಿ ಹೆಣ್ಣಿನ ಮಾನ, ಮೂರನೆಯದು ನುಡಿ. ಆ ಕ್ರಮದಲ್ಲಿ ಬರೆದ ಮನವಿಯನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಯಾವ ಅಧಿಕಾರಿಗೂ ಸುಲಭವಾಗದು.